ಹತ್ತು ನಿಮಿಷದ ಪಾಸು

ದೊಡ್ಡಪ್ಪ ಐಸಿಯುನಲ್ಲಿದ್ದಷ್ಟು ದಿನ ನಮ್ಮ ಮನೆಯವರಿಗೆಲ್ಲ ಸೇರಿ ಇದ್ದದ್ದು ಒಂದೇ ಪಾಸು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. "ಡಾಕ್ಟ್ರ ಹತ್ರ ಇಂಗ್ಲಿಷಲ್ಲಿ ಮಾತಾಡ್ಬೇಕಲ್ಲಪ್ಪ, ನೀನೇ ಹೋಗು" ಅಂತ ಎಲ್ಲರೂ ಪಾಸನ್ನು ನನ್ನ ಕೈಗೇ ಕೊಟ್ಟರು. ನಲವತ್ತೆಂಟು ವರ್ಷ ಸಂಸಾರ ಮಾಡಿದ ದೊಡ್ಡಮ್ಮ ಹೊರಗೆ ಸ್ಟೀಲ್ ಕುರ್ಚಿಯಲ್ಲಿ. ನಾನು ಹೊರಬಂದ ಕೂಡಲೇ ಅವರದ್ದು ಒಂದೇ ಪ್ರಶ್ನೆ, "ಕಣ್ಣು ಬಿಟ್ರೇನೋ?" ನಾನೋ ಬಿಪಿ ಎಷ್ಟು, ಆಕ್ಸಿಜನ್ ಎಷ್ಟು ಅಂತ ವರದಿ ಒಪ್ಪಿಸುತ್ತಿದ್ದೆ.

ದೊಡ್ಡಪ್ಪ ಈಗಿಲ್ಲ. ಆದರೆ ಆ ಬಾಗಿಲು ಮಾತ್ರ ತಲೆಯಿಂದ ಹೋಗಲಿಲ್ಲ. ಈ ಐಸಿಯು ಅನ್ನೋದು ಶುರುವಾದದ್ದು ಎಲ್ಲಿ, ಮನೆಯವರನ್ನು ಹೊರಗೆ ನಿಲ್ಲಿಸಬೇಕು ಅಂತ ಯಾಕೆ ಅನ್ನಿಸಿತು ಎಂದು ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನು ಮುಟ್ಟಿಸಿದ್ದು ಡೆನ್ಮಾರ್ಕಿಗೆ!

1952ರ ಬೇಸಿಗೆಯ ಕೊನೆ. ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಭೀಕರವಾಗಿ ಹಬ್ಬಿತ್ತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ ಹತ್ತಾರು ರೋಗಿಗಳು ಬರುತ್ತಿದ್ದರು, ಬಹಳಷ್ಟು ಮಕ್ಕಳೇ. ಉಸಿರಾಟದ ಸ್ನಾಯುಗಳು ಸೋತವರಿಗೆ ಅಲ್ಲಿದ್ದದ್ದು ಒಂದು 'ಐರನ್ ಲಂಗ್' ಪೆಟ್ಟಿಗೆ, ಎದೆಗೆ ಕಟ್ಟುವ ಆರು ಸಣ್ಣ ಯಂತ್ರಗಳು, ಅಷ್ಟೇ. ಮೊದಲ ಮೂರು ವಾರಗಳಲ್ಲಿ ಹೀಗೆ ಉಸಿರು ಕಟ್ಟಿದ 31 ಮಂದಿಯಲ್ಲಿ 27 ಜನ ಸತ್ತರು.

ಆಸ್ಪತ್ರೆಯ ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ಆಗಸ್ಟ್ 27ರಂದು ಇಬ್ಸೆನ್ ಮುಂದೆ ಇದ್ದದ್ದು ವಿವಿ ಎಬರ್ಟ್ ಎಂಬ 12 ವರ್ಷದ ಹುಡುಗಿ. ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಹಾಕಿದರು. ಹುಡುಗಿ ಒದ್ದಾಡುತ್ತಿದ್ದಳು, ಗಾಳಿ ಒಳಗೆ ಹೋಗಲೊಲ್ಲದು. ನೋಡಲು ನಿಂತಿದ್ದ ವೈದ್ಯರು ಇದು ಮುಗಿದ ಕಥೆ ಅಂತ ಹೊರಗೆ ನಡೆದೇಬಿಟ್ಟರು. ಇಬ್ಸೆನ್ ನಿದ್ರೆಯ ಮದ್ದು ಕೊಟ್ಟು ಒದ್ದಾಟ ನಿಲ್ಲಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಉಸಿರು ತುಂಬಿದರು. ಹುಡುಗಿ ಬದುಕಿದಳು.

ಸರಿ, ಆದರೆ ಚೀಲ ಒತ್ತುತ್ತಾ ಕೂರುವವರು ಯಾರು? ಕರೆ ಹೋಯಿತು ವಿದ್ಯಾರ್ಥಿಗಳಿಗೆ. ಸುಮಾರು 1500 ಮಂದಿ ಪಾಳಿ ಪಾಳಿಯಲ್ಲಿ ಹಾಸಿಗೆಗಳ ಪಕ್ಕ ಕೂತರು. ಒಟ್ಟು 1,65,000 ಗಂಟೆಗಳ ಕೆಲಸವಂತೆ. ಕೊಳವೆಯಿಂದಾಗಿ ಮಕ್ಕಳಿಗೆ ಮಾತಾಡಲಾಗುತ್ತಿರಲಿಲ್ಲ. ಮುಖ ನೋಡಿಯೇ ಗಾಳಿ ಸಾಕೋ ಬೇಕೋ ತಿಳಿಯಬೇಕು. ಕಥೆ ಓದಿ ಹೇಳಿದರು, ಆಟ ಆಡಿಸಿದರು. ರಾತ್ರಿ ದೀಪ ಸಣ್ಣದಾಗಿರುತ್ತಿತ್ತು. ತಾವು ಉಸಿರು ಕೊಡುತ್ತಿದ್ದ ಮಗು ಯಾವಾಗಲೋ ಸತ್ತಿದೆ ಅನ್ನೋದು ಬೆಳಕಾದ ಮೇಲೆ ಗೊತ್ತಾದದ್ದೂ ಉಂಟು. ಇದನ್ನು ಓದುತ್ತಾ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ.

ಸಾವಿನ ಪ್ರಮಾಣ ನೂರಕ್ಕೆ 80ಕ್ಕೂ ಹೆಚ್ಚಿದ್ದದ್ದು ಅರ್ಧಕ್ಕಿಂತ ಕೆಳಗಿಳಿಯಿತು. 1953ರ ಕೊನೆಗೆ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ವಾರ್ಡ್ ತೆರೆದರು. ನಮ್ಮ ಇಂದಿನ ಐಸಿಯುಗಳ ಮೂಲ ಅದು ಅಂತಾರೆ. ಅಂದರೆ ಐಸಿಯು ಹುಟ್ಟಿದ್ದೇ ಹಾಸಿಗೆ ಪಕ್ಕ ಹಗಲೂ ರಾತ್ರಿ ಕೂತ ಒಬ್ಬ ಮನುಷ್ಯನಿಂದ!

ಆಮೇಲೆ ಕೈಯ ಜಾಗಕ್ಕೆ ವೆಂಟಿಲೇಟರ್ ಬಂತು, ಹೃದಯಕ್ಕೆ ಮಾನಿಟರ್ ಬಂತು. ಸೋಂಕು ತರ್ತಾರೆ, ರೋಗಿಗೆ ವಿಶ್ರಾಂತಿ ಬೇಕು, ನರ್ಸುಗಳಿಗೆ ಅಡ್ಡಿ - ಕಾರಣಗಳು ಕೇಳಲು ಸರಿಯಾಗಿಯೇ ಇದ್ದವು. 1960ರ ದಶಕದಲ್ಲಿ ಅಮೆರಿಕದ ಎಷ್ಟೋ ಹೃದ್ರೋಗ ಘಟಕಗಳಲ್ಲಿ ಗಂಟೆಗೆ ಐದೋ ಹತ್ತೋ ನಿಮಿಷದ ಭೇಟಿ. ನಮ್ಮ ಪಾಸಿನ ಅಜ್ಜ ಅಲ್ಲೆಲ್ಲೋ ಇರಬೇಕು.

ಹೊರಗೆ ಕೂತವರನ್ನು ಯಾರಾದರೂ ಕೇಳಿದರಾ? 1979ರಲ್ಲಿ ನ್ಯಾನ್ಸಿ ಮೋಲ್ಟರ್ ಎಂಬ ನರ್ಸ್ ಕೇಳಿದರು. 40 ಮಂದಿ ಬಂಧುಗಳ ಮುಂದೆ 45 ಅಗತ್ಯಗಳ ಪಟ್ಟಿ ಇಟ್ಟರು. ಮೊದಲ ಸ್ಥಾನಕ್ಕೆ ಬಂದದ್ದು, ಆಸೆ ಇದೆ ಅಂತ ಅನ್ನಿಸಬೇಕು ಅನ್ನೋದು.

ಸೋಂಕಿನ ಮಾತಿಗೆ ಉತ್ತರ ಬಂದದ್ದು ಇಟಲಿಯ ಫ್ಲಾರೆನ್ಸ್‌ನಿಂದ, 2006ರಲ್ಲಿ. 226 ರೋಗಿಗಳು. ಕೆಲವು ತಿಂಗಳು ಬಿಗಿ ನಿಯಮ, ಕೆಲವು ತಿಂಗಳು ರೋಗಿ ಹೇಳಿದಷ್ಟು ಹೊತ್ತು ಒಬ್ಬರು ಪಕ್ಕದಲ್ಲಿರಬಹುದು. ಬಾಗಿಲು ತೆರೆದಾಗ ಕೋಣೆಯಲ್ಲಿ ಕ್ರಿಮಿಗಳೇನೋ ಹೆಚ್ಚಿದವು, ಆದರೆ ರೋಗಿಗಳ ಸೋಂಕು ಹೆಚ್ಚಲಿಲ್ಲ. ಹೃದಯದ ತೊಂದರೆಗಳಂತೂ ಕಡಿಮೆಯಾದವು. ಹಾಗಂತ ಮನೆಯವರು ಬಂದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಬ್ರೆಜಿಲ್‌ನ 36 ಐಸಿಯುಗಳಲ್ಲಿ ದಿನಕ್ಕೆ 12 ಗಂಟೆವರೆಗೆ ಬಿಟ್ಟು ನೋಡಿದರು (2019). ಐಸಿಯು ರೋಗಿಗಳಲ್ಲಿ ಕಾಣುವ ಸನ್ನಿಯಂಥ ಗೊಂದಲ ಅದರಿಂದ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಮನೆಯವರ ಆತಂಕ, ಖಿನ್ನತೆ. ನನಗೆ ಕೇಳಿದರೆ ಅದೇನು ಸಣ್ಣ ಫಲವಲ್ಲ. ಮರುವರ್ಷವೇ ಕೊರೋನಾ ಬಂತು, ಲೋಕದ ಬಹುತೇಕ ಕಡೆ ಬಾಗಿಲು ಮುಚ್ಚಿತು. ಎಷ್ಟೋ ಜನ ಕೊನೆಯ ಮುಖ ನೋಡಿದ್ದು ನರ್ಸ್ ಹಿಡಿದ ಮೊಬೈಲಿನಲ್ಲಿ.

ಆಸ್ಪತ್ರೆಯನ್ನು ಬಯ್ಯುವುದು ಸುಲಭ. ಆದರೆ ಇದ್ದ ಒಂದು ಪಾಸನ್ನು ದೊಡ್ಡಮ್ಮನಿಗೆ ಕೊಡಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ! ಐದನೇ ದಿನ ಸಂಜೆ ಅವರೇ ಎದ್ದು ಬಂದು ಕೈ ಚಾಚಿದರು. "ಇವತ್ತು ನಾನು ಹೋಗ್ತೀನಿ ಕಣೋ" ಅಂದರು. ಕೊಟ್ಟೆ.

ಹತ್ತು ನಿಮಿಷ ಬಿಟ್ಟು ಬಂದರು. ಈ ಸಲ ಕೇಳಿದ್ದು ನಾನು, "ಹೇಗಿದ್ದಾರೆ ದೊಡ್ಡಮ್ಮ?"

"ಕೈ ತಣ್ಣಗಿತ್ತು. ಉಜ್ಜಿದೆ. ಬೆಚ್ಚಗಾಯ್ತು" ಅಂದರು.