ಒಂದು ಕೌಂಟರಿಗೆ ಎಷ್ಟು ಜನ?

ಯಲಹಂಕದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯ. ಮಧ್ಯಾಹ್ನ ಒಂದೂಕಾಲು. ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿದೆ. ಕೌಂಟರಿನಲ್ಲಿ ಇರುವವರು ಒಬ್ಬರೇ. ಸ್ಕ್ಯಾನರ್ ಹಿಡಿಯುವವರೂ ಅವರೇ, ದಂಡದ ರಸೀದಿ ಬರೆಯುವವರೂ ಅವರೇ. ಬೆಳಗ್ಗೆ ಹನ್ನೊಂದಕ್ಕೆ ಇದೇ ಜಾಗದಲ್ಲಿ ಮೂವರಿದ್ದರು, ಹುಡುಗರು ಕ್ಲಾಸಿನಲ್ಲಿದ್ದರು. ಹುಡುಗರಿಗೆ ಬಿಡುವಾದ ಹೊತ್ತಿಗೇ ಸಿಬ್ಬಂದಿಗೂ ಊಟದ ಹೊತ್ತು.

ಇಂಥ ತೊಡಕನ್ನು ಲೆಕ್ಕಕ್ಕೆ ಇಳಿಸಿದ್ದು ಒಬ್ಬ ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗುವ ಮುಂಚೆ ಎಸ್. ಆರ್. ರಂಗನಾಥನ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಸಿಬ್ಬಂದಿ ಸೂತ್ರ ಹುದ್ದೆಯಿಂದ ಶುರುವಾಗುವುದಿಲ್ಲ, ಕೆಲಸದಿಂದ ಶುರುವಾಗುತ್ತದೆ. ವರ್ಷಕ್ಕೆ 6,000 ಪುಸ್ತಕ ಸೇರಿದರೆ ಪುಸ್ತಕ ಖರೀದಿಗೆ ಒಬ್ಬರು. ಕೌಂಟರ್ 1,500 ಗಂಟೆ ತೆರೆದಿದ್ದರೆ ಅಲ್ಲಿಗೆ ಒಬ್ಬರು. ದಿನಕ್ಕೆ 12 ಗಂಟೆಯಂತೆ 300 ದಿನ ತೆರೆಯುವ ಒಂದೇ ಒಂದು ಕೌಂಟರನ್ನು ತೆಗೆದುಕೊಳ್ಳಿ: 3,600 ಗಂಟೆ, ಅಂದರೆ 2.4 ಜನ. ಒಂದು ಕುರ್ಚಿಗೆ ಒಬ್ಬರು ಸಾಕು ಎನ್ನುವ ಆಡಳಿತ ಮಂಡಳಿಗಳ ಮುಂದೆ ಈ 2.4 ಅನ್ನು ಇಟ್ಟು ಮಾತಾಡಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

1957ರಲ್ಲಿ ಯುಜಿಸಿ ನೇಮಿಸಿದ ಗ್ರಂಥಾಲಯ ಸಮಿತಿಗೆ ರಂಗನಾಥನ್ನರೇ ಅಧ್ಯಕ್ಷರು. ಕಾಲೇಜಿನ ಆಚೆ, ಊರಿನ ಗ್ರಂಥಾಲಯಗಳಿಗಾಗಿ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲಿನ ಗ್ರಂಥಾಲಯ ಕರದಿಂದ ಹಣದ ದಾರಿಯೇನೋ ತೆರೆಯಿತು. ಸಿಬ್ಬಂದಿ ಮಾತ್ರ ಮಂಜೂರಾದ ಹುದ್ದೆಗಳ ಪಟ್ಟಿಯಂತೆಯೇ ಬಂದರು. ಬಡಾವಣೆ ಬೆಳೆದಷ್ಟು ಬೇಗ ಆ ಪಟ್ಟಿ ಬೆಳೆಯುವುದಿಲ್ಲ.

ಸೂತ್ರಕ್ಕೂ ಒಂದು ಮಿತಿಯಿದೆ. ಅದು ವರ್ಷದ ಒಟ್ಟು ಹೇಳುತ್ತದೆ, ಒಂದೂಕಾಲರ ನೂಕುನುಗ್ಗಲನ್ನು ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಸರತಿ ಸಾಲಿನ ಗಣಿತ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳಿಗಾಗಿ ಅದನ್ನು ಶುರುಮಾಡಿದ. ಎಂಐಟಿಯ ಫಿಲಿಪ್ ಮೋರ್ಸ್ 1968ರ ತಮ್ಮ ಪುಸ್ತಕದಲ್ಲಿ ಇಂಥ ಗಣಿತವನ್ನು ಗ್ರಂಥಾಲಯಕ್ಕೆ ತಂದರು. ಗಂಟೆಗೆ 25 ಜನ ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಒಬ್ಬರಿಗೆ ಸರಾಸರಿ ಎರಡು ನಿಮಿಷ ಹಿಡಿಯುತ್ತದೆ ಎನ್ನೋಣ. ಕೌಂಟರಿನಲ್ಲಿ ಒಬ್ಬರಿದ್ದರೆ ಸರಾಸರಿ ಕಾಯಬೇಕಾದದ್ದು ಸುಮಾರು 10 ನಿಮಿಷ. ಇಬ್ಬರಿದ್ದರೆ? ಐದು ನಿಮಿಷವಲ್ಲ, ಅರ್ಧ ನಿಮಿಷಕ್ಕೂ ಕಡಿಮೆ.

ಕೋಹಾ, ಸೋಲ್, ಇ-ಗ್ರಂಥಾಲಯದಂಥ ತಂತ್ರಾಂಶಗಳು ಬಂದಮೇಲೆ ಪುಸ್ತಕ ಕೊಟ್ಟದ್ದು, ಮರಳಿದ್ದು ಎಲ್ಲವೂ ಹೊತ್ತಿನ ಸಮೇತ ದಾಖಲಾಗತೊಡಗಿತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ದಿನಕ್ಕೆ ಎಷ್ಟು ಜನ ಗ್ರಂಥಾಲಯ ಬಳಸುತ್ತಾರೆಂದು ಕೇಳುತ್ತದೆ, ಹಾಗಾಗಿ ಬಾಗಿಲಿನ ಹಾಜರಿ ಪುಸ್ತಕವೂ ಅಚ್ಚುಕಟ್ಟಾಯಿತು. ನಾನು ಕಂಡ ಬಹಳ ಕಡೆ ಈ ಅಂಕಿಗಳು ತಪಾಸಣೆಯ ಫೈಲು ಸೇರಿದವೇ ಹೊರತು ಡ್ಯೂಟಿ ಚಾರ್ಟಿಗೆ ಇಳಿಯಲಿಲ್ಲ. ನನಗಿದು ನಿಜಕ್ಕೂ ನೋವಿನ ಸಂಗತಿ.

ಅಂಕಿಗಳನ್ನಷ್ಟೇ ನಂಬುವುದರಲ್ಲೂ ಒಂದು ಅಪಾಯವಿದೆ. ಆರ್.ಟಿ. ನಗರ, ಹೆಬ್ಬಾಳದ ಕಡೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಎಎಸ್, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಮ್ಮ ಪುಸ್ತಕ ತಾವೇ ತಂದು ಸಂಜೆಯವರೆಗೆ ಓದುತ್ತಾರೆ. ಅವರಿಗೆ ಬೇಕಾದದ್ದು ಬೆಳಕು, ಫ್ಯಾನು, ನೀರು, ಬಾಗಿಲು ತೆರೆದಿಡುವ ಒಬ್ಬರು. ಸ್ಕ್ಯಾನರ್ ಅವರನ್ನು ಕಾಣದು. ಬರೀ ವಿತರಣೆಯ ಅಂಕಿ ನೋಡಿದವರು ಅಲ್ಲಿ ಕೆಲಸವೇ ಇಲ್ಲ ಎಂದುಕೊಂಡಾರು. ‘ಈ ಪುಸ್ತಕ ಎಲ್ಲಿದೆ ಮೇಡಂ?’ ಎಂದು ಕೇಳಿಸಿಕೊಂಡು ಕಪಾಟಿನವರೆಗೆ ಎದ್ದು ಹೋಗಿ ತೋರಿಸಿದ್ದಕ್ಕೂ ಯಾವ ಕಂಪ್ಯೂಟರಿನಲ್ಲೂ ದಾಖಲೆ ಇಲ್ಲ.

ಯಲಹಂಕದ ಆ ಕಾಲೇಜಿನ ಸಹಾಯಕಿಯೊಬ್ಬರು ಎರಡು ವಾರ ಒಂದು ಹಾಳೆ ಇಟ್ಟುಕೊಂಡಿದ್ದರು. ಗಂಟೆಗೊಂದು ಮನೆ, ಕೇಳಿದ ಪ್ರತಿ ಪ್ರಶ್ನೆಗೆ ಒಂದು ಗೀಟು, ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ. ಒಂದರಿಂದ ಎರಡರ ಮನೆ ತುಂಬಿ ಗೀಟುಗಳು ಅಂಚಿಗೆ ಬಂದಿದ್ದವು. ಆ ಹಾಳೆಯನ್ನು ಗ್ರಂಥಪಾಲರ ಮೇಜಿನ ಮೇಲೆ ಇಟ್ಟರು. ಈಗ ಅಲ್ಲಿ ಒಬ್ಬರು ಹನ್ನೆರಡಕ್ಕೆ ಊಟಕ್ಕೆ ಹೋಗುತ್ತಾರೆ, ಇಬ್ಬರು ಎರಡು ಗಂಟೆಗೆ.