ಡ್ರಮ್ಮು, ಬ್ಯೂಗಲ್ ಮತ್ತು ತೇರಿನ ಬಡಿತ

ತದಡಿಯಿಂದ ಕುಮಟೆಗೆ ಹೋಗಬೇಕಾದರೆ ನಾವು ಮೊದಲು ಅಘನಾಶಿನಿ ಹೊಳೆಯನ್ನು ದಾಟಬೇಕಿತ್ತು. 1964ರ ಜನವರಿ 26ರ ನಸುಕಿನಲ್ಲಿ, ನಮ್ಮ ದೋಣಿಯ ನಡುವೆ ಕಂಬಳಿ ಹೊದ್ದು ಮದುಮಗಳಂತೆ ಕುಳಿತಿದ್ದುದು ಶಾಲೆಯ ದೊಡ್ಡ ಡ್ರಮ್ಮು. ಹೊಳೆಯ ತಂಪು ತಗುಲಿದರೆ ಚರ್ಮ ಸಡಿಲಾಗಿ ದನಿ ಕೆಡುವುದೆಂದು ಡ್ರಿಲ್ ಮಾಸ್ತರರ ಕಟ್ಟಪ್ಪಣೆ. ಚಳಿಯಲ್ಲಿ ನಡುಗುತ್ತಿದ್ದ ನಮಗೆ ಮಾತ್ರ ಹೊದಿಕೆ ಇರಲಿಲ್ಲ! ಕುಮಟೆಯ ಮೈದಾನದಲ್ಲಿ ಅಂದು ಶಾಲೆಗಳ ಡ್ರಮ್ಮು-ಬ್ಯೂಗಲ್ ತಂಡಗಳ ಪಂದ್ಯ.

1962ರ ಚೀನಾ ಯುದ್ಧದ ತರುವಾಯ ಊರೂರಿಗೂ ಕವಾಯತಿನ ಹುಮ್ಮಸ್ಸು ಹಬ್ಬಿದ ಕಾಲವದು. ವಾದ್ಯಗಳೇನೋ ಬಿಳಿಯರ ಪಲಟಣದವು. ಏಳು, ಉಣ್ಣು, ಮಲಗು ಎಂಬುದಕ್ಕೆಲ್ಲ ಸಿಪಾಯಿಗೆ ಬ್ಯೂಗಲ್ಲಿನ ಒಂದೊಂದು ಕೂಗು. ಅಮೆರಿಕದ ಮಾಜಿ ಸೈನಿಕರಂತೂ 1921ರಿಂದಲೇ ಇಂಥ ತಂಡಗಳ ರಾಷ್ಟ್ರೀಯ ಪಂದ್ಯ ನಡೆಸಿದರು. ನಮ್ಮಲ್ಲಿ ಖಾದಿ ತೊಟ್ಟವರಿಗೆ ಸಾಲುಗಟ್ಟಿ ಹೆಜ್ಜೆಯಿಡಲು ಕಲಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು ಬಂದವರು, ಅದೇ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಕವಾಯತು ಅಹಿಂಸೆಗೆ ಒಗ್ಗುವುದೇ ಎಂದು ಮೂಗು ಮುರಿದ ಕಾಂಗ್ರೆಸ್ಸಿಗರೂ ಇದ್ದರು. ಸರಕಾರಕ್ಕೆ ಆ ಸಂದೇಹ ಬರಲಿಲ್ಲ. 1932ರಲ್ಲಿ ದಳವನ್ನೇ ನಿಷೇಧಿಸಿತು. ನಮ್ಮ ಮಾಸ್ತರರು ಎಳೆಯ ಪ್ರಾಯದಲ್ಲಿ ಆ ದಳದಲ್ಲಿದ್ದವರು. ಪಲಟಣದ ಡ್ರಮ್ಮನ್ನು ಅವರು ಎಂದೂ ಪರಕೀಯವೆಂದು ಬಗೆದವರಲ್ಲ.

ನಿಜಕ್ಕೂ ನಮ್ಮ ಕರಾವಳಿಗೆ ಡೋಲೂ ಕಹಳೆಯೂ ಹೊಸವೇ? ದೇವಸ್ಥಾನದಲ್ಲಿ ಪಂಚವಾದ್ಯ, ಸುಗ್ಗಿಯಲ್ಲಿ ಹಾಲಕ್ಕಿಗಳ ಗುಮಟೆ. ಬ್ಯೂಗಲ್ಲಿಗೆ ತೂತಿಲ್ಲ, ಕೀಲಿಲ್ಲ. ಇರುವ ನಾಲ್ಕೈದು ಸ್ವರಗಳನ್ನು ತುಟಿಯ ಬಿಗುವಿನಿಂದಲೇ ತೆಗೆಯಬೇಕು. ನಮ್ಮ ತಂಡದಲ್ಲಿ ಅದನ್ನು ಊದುತ್ತಿದ್ದವನು ಮೀನುಗಾರರ ಹುಡುಗ, ವಾರದಲ್ಲೇ ಕಲಿತ. ಡ್ರಮ್ಮು ಬಾರಿಸುವವನು ಪಂಚವಾದ್ಯದ ಮನೆಯವನು.

ಪೆಟ್ಟು ಬಂದದ್ದು ಅಲ್ಲೇ. ಮೈದಾನದ ತಿರುವಿನ ತನಕ ಎಲ್ಲವೂ ಸರಿಯಾಗಿ ಸಾಗಿತ್ತು. ಪರೀಕ್ಷಕರ ಮುಂದೆ ಬರುವಾಗ ಹುಮ್ಮಸ್ಸು ತಡೆಯಲಾರದೆ ಅವನು ಎಡ-ಬಲದ ನಡುವೆ ತೇರು ಎಳೆಯುವಾಗಿನ ಬಡಿತವನ್ನು ಸೇರಿಸಿದ. ಗೋಕರ್ಣದ ಶಿವರಾತ್ರಿಯನ್ನು ಹುಟ್ಟಿದಾಗಿನಿಂದ ಕಂಡ ನಮ್ಮ ಕಾಲುಗಳು ಸುಮ್ಮನಿರುತ್ತವೆಯೆ? ಸಾಲು ಡೊಂಕಾಯಿತು, ಹಿಂದಿನವರು ಮುಂದಿನವರ ಹಿಮ್ಮಡಿ ತುಳಿದರು. ಜನ ಚಪ್ಪಾಳೆ ತಟ್ಟಿದರು. ನಿವೃತ್ತ ಸೈನಿಕರಾದ ಪರೀಕ್ಷಕರು ಮಾರ್ಕು ಕಡಿದರು. ನಮಗೆ ಕೊನೆಯ ಸ್ಥಾನ. ಆಗ ಅನ್ಯಾಯವೆನಿಸಿತ್ತು, ಈಗ ಯೋಚಿಸಿದರೆ, ಕವಾಯತಿನ ಲೆಕ್ಕದಲ್ಲಿ ಅವರದೇ ಸರಿ.

ಸಂಜೆ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಹುಡುಗ ಮೊಣಕಾಲ ನಡುವೆ ಮುಖವಿಟ್ಟು ಕುಳಿತಿದ್ದ. ಹೊಳೆಯ ಮಧ್ಯಕ್ಕೆ ಬಂದಾಗ ಮಾಸ್ತರರು ತಾವೇ ಕಂಬಳಿ ಸರಿಸಿ, "ತಮ್ಮಾ, ಅದನ್ನು ಇನ್ನೊಮ್ಮೆ ಬಾರಿಸು, ಕೇಳುವಾ" ಎಂದರು.

ಅವನು ತದಡಿಯ ದಕ್ಕೆ ಬರುವ ತನಕ ಬಾರಿಸಿದ. ತಂಪಿಗೆ ಚರ್ಮ ಆಗಲೇ ಸಡಿಲಾಗತೊಡಗಿತ್ತು.