ತೇಗದ ಮಂಗ, ಓಕ್ ಮರದ ಆನೆ

20ನೇ ಶತಮಾನದ ನಡುಭಾಗದಲ್ಲಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮತ್ತು ಫಿನ್ಲೆಂಡ್‌ಗಳಲ್ಲಿ ತಯಾರಾದ ಮರದ ಪ್ರಾಣಿಗಳನ್ನು ಇಂದು ಹರಾಜು ಮಳಿಗೆಗಳಲ್ಲಿ ಗಾಜಿನ ಹಿಂದೆ ಇಟ್ಟು ಮಾರುತ್ತಾರೆ. ಇವುಗಳಲ್ಲಿ ಹೆಚ್ಚು ಹೆಸರಾದವು ಹುಟ್ಟಿದ್ದು ಮಾತ್ರ ಮಕ್ಕಳ ಕೈಗೆಂದೇ. ಎಳೆದಾಡಲು, ಕೈಕಾಲು ತಿರುಗಿಸಲು, ಗೂಟಕ್ಕೆ ನೇತುಹಾಕಲು ಮಾಡಿದ ಸಾಮಾನು ಮುಟ್ಟಬಾರದ ಸಂಗ್ರಹವಸ್ತುವಾಗಿ ಬದಲಾದದ್ದೇ ಇವುಗಳ ಇತಿಹಾಸ.

ಉತ್ತರ ಯುರೋಪಿನಲ್ಲಿ ಮರ ಕೆತ್ತುವುದು ಚಳಿಗಾಲದ ಕಸುಬು. ಸ್ವೀಡನ್ನಿನ ಡಾಲಾರ್ನಾ ಪ್ರಾಂತ್ಯದಲ್ಲಿ ಕಾಡಿನ ಕೆಲಸಕ್ಕೆ ಹೋದವರು ದೀರ್ಘ ರಾತ್ರಿಗಳಲ್ಲಿ ಬೆಂಕಿಯ ಮುಂದೆ ಕೂತು ಪೈನ್ ಮರದ ತುಂಡುಗಳಿಂದ ಕುದುರೆ ಕೆತ್ತುತ್ತಿದ್ದರು. ಈ ಕುದುರೆಗಳ ಪ್ರಸ್ತಾಪ ಸಿಗುವುದು ಒಂದು ಬೈಗುಳದಲ್ಲಿ: 1620ರ ದಶಕದಲ್ಲಿ ವೆಸ್ಟೆರೋಸ್‌ನ ಬಿಷಪ್ ಯೊಹಾನೆಸ್ ರುಡ್ಬೆಕಿಯಸ್ ಸಂತೆಯಲ್ಲಿ ಇಸ್ಪೀಟು, ದಾಳ, ಕೊಳಲುಗಳ ಜೊತೆ ಮರದ ಕುದುರೆ ಮಾರುವುದನ್ನೂ ಖಂಡಿಸಿದ್ದರು. ಕುದುರೆಯೇನೂ ಹಿಂಜರಿಯಲಿಲ್ಲ. ಮುಂದೆ ಅದರ ಮೈಮೇಲೆ ಕುರ್ಬಿಟ್ಸ್ ಎಂಬ ಬಳ್ಳಿ-ಹೂವಿನ ಚಿತ್ತಾರ ಬಂತು. 1920ರ ದಶಕದಲ್ಲಿ ಮೂರಾ ಬಳಿಯ ನೂಸ್ನೆಸ್ ಹಳ್ಳಿಯಲ್ಲಿ ಓಲ್ಸನ್ ಸಹೋದರರು ಕಾರ್ಯಾಗಾರ ತೆರೆದ ಮೇಲೆ ಕುದುರೆ ವ್ಯಾಪಾರದ ಸರಕಾಯಿತು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ವೀಡನ್ನಿನ ಮಂಟಪದ ಮುಂದೆ ದೈತ್ಯಗಾತ್ರದ ಕೆಂಪು ಕುದುರೆಯೊಂದು ನಿಂತಿತು, ಅಮೆರಿಕದಿಂದ ಬೇಡಿಕೆ ಸುರಿಯತೊಡಗಿತು. ಆದರೂ ಇದು ಜನಪದ ಕಲೆ, ಮಾಡಿದವರ ಹೆಸರಿಗಿಂತ ಊರಿನ ಹೆಸರೇ ಅದಕ್ಕೆ ಮುಖ್ಯ. ಸಂಗ್ರಾಹಕರು ಬೆನ್ನುಹತ್ತುವ ಪ್ರಾಣಿಗಳ ಕಥೆ ಬೇರೆ. ಅವುಗಳ ಹಿಂದೆ ವಿನ್ಯಾಸಕಾರನ ಹೆಸರು, ಇಸವಿ, ಮುದ್ರೆ ಇವೆ.

ಆ ಕಥೆಯ ಮುಖ್ಯ ವ್ಯಕ್ತಿ ಕೋಪನ್‌ಹೇಗನ್ನಿನ ಕಾಯ್ ಬೋಯೆಸೆನ್ (1886–1958). ಅವರು ಬಡಗಿಯಲ್ಲ, ಬೆಳ್ಳಿ ಕೆಲಸದವರು. 1907ರಿಂದ 1910ರವರೆಗೆ ಪ್ರಸಿದ್ಧ ಬೆಳ್ಳಿ ಕುಶಲಕರ್ಮಿ ಗೇಯೋರ್ಗ್ ಯೆನ್ಸೆನ್ ಅವರ ಬಳಿ ಕೆಲಸ ಕಲಿತರು, 1913ರಲ್ಲಿ ಸ್ವಂತ ಕಾರ್ಯಾಗಾರ ತೆರೆದರು. 1951ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನ ಪಡೆದದ್ದೂ ಅವರ ಚಮಚ-ಮುಳ್ಳುಚಮಚಗಳೇ. ಮರದ ಕಡೆಗೆ ಅವರನ್ನು ತಿರುಗಿಸಿದ್ದು ಎರಡು ಸಂಗತಿಗಳು. 1919ರಲ್ಲಿ ಮಗ ಹುಟ್ಟಿದ. 1922ರಲ್ಲಿ ದೇಶೀಯ ಉತ್ಪನ್ನಗಳಿಗೆ ಉತ್ತೇಜನ ಕೊಡುತ್ತಿದ್ದ 'ಡಾನ್ಸ್ಕ್ ಆರ್ಬೈಡೆ' ಸಂಘ ಆಟಿಕೆಗಳ ಸ್ಪರ್ಧೆ ಏರ್ಪಡಿಸಿತು, ಬೋಯೆಸೆನ್ ಅದರಲ್ಲಿ ಬಹುಮಾನ ಗೆದ್ದರು. 1931ರಲ್ಲಿ ಡೆನ್ಮಾರ್ಕಿನ ಕರಕುಶಲ ವಸ್ತುಗಳ ಕಾಯಂ ಪ್ರದರ್ಶನ ಮತ್ತು ಮಾರಾಟ ಕೇಂದ್ರ 'ಡೆನ್ ಪರ್ಮನೆಂಟೆ' ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಮರುವರ್ಷ ಬ್ರೆಡ್‌ಗೇಡ್ ಬೀದಿಯಲ್ಲಿ ಅವರದೇ ಅಂಗಡಿ ಶುರುವಾಯಿತು.

1934ರಲ್ಲಿ ಗಿಡ್ಡ ಕಾಲಿನ ಡ್ಯಾಷ್‌ಹಂಡ್ ನಾಯಿ, 1935ರಲ್ಲಿ ಜೀಬ್ರಾ, 1936ರಲ್ಲಿ ತೂಗಾಡುವ ಕುದುರೆ ಬಂದವು. ಪ್ರಾಣಿಯನ್ನು ಇದ್ದ ಹಾಗೇ ಪಡಿಯಚ್ಚು ಇಳಿಸುವುದು ಬೋಯೆಸೆನ್‌ಗೆ ಬೇಕಿರಲಿಲ್ಲ, ಮಗುವಿನ ಕಲ್ಪನೆಗೆ ಜಾಗ ಬಿಡಬೇಕು ಎನ್ನುವುದು ಅವರ ನಿಲುವು. ಗೆರೆಗಳಲ್ಲೇ ನಗು ಇರಬೇಕು ಎಂದೂ ಹೇಳುತ್ತಿದ್ದರು. ದೇಹವನ್ನು ಉರುಳೆ, ಗುಂಡು, ಅಂಡಾಕಾರಗಳಿಗೆ ಇಳಿಸಿದರೆ ಹೆಚ್ಚಿನ ಕೆಲಸ ಲೇತ್‌ನಲ್ಲೇ ಮುಗಿಯುತ್ತದೆ. ಲೇತ್‌ನಲ್ಲಿ ತಿರುಗಿಸುವ ಮಟ್ಟಿಗೆ ಇದು ಚನ್ನಪಟ್ಟಣದ ಗೊಂಬೆಯ ದಾರಿಯೇ. ಆದರೆ ಅಲ್ಲಿ ಅರಗಿನ ಬಣ್ಣ ಮರವನ್ನು ಪೂರ್ತಿ ಮುಚ್ಚುತ್ತದೆ, ಬೋಯೆಸೆನ್ನರ ಹೆಸರಾಂತ ಪ್ರಾಣಿಗಳಲ್ಲಿ ಬಣ್ಣವಿಲ್ಲ, ಮರದ ಎಳೆಯೇ ಚರ್ಮ.

ಮಂಗ ಬಂದದ್ದು 1951ರಲ್ಲಿ. ಮಕ್ಕಳ ಪೀಠೋಪಕರಣ ಪ್ರದರ್ಶನಕ್ಕೆಂದು, ಪುಟ್ಟ ಕೋಟು-ಟೊಪ್ಪಿ ತೂಗುಹಾಕುವ ಕೊಕ್ಕೆಯಾಗಿ ಅದನ್ನು ರೂಪಿಸಿದರಂತೆ. ಉದ್ದ ಕೈಗಳು, ಕೊಂಡಿಯಂತೆ ಬಾಗಿದ ಅಂಗೈಗಳು ಇದ್ದುದು ಅದಕ್ಕೇ. ಮೈ ತೇಗದ್ದು. ಮುಖ, ಹೊಟ್ಟೆ, ಕೈಗಳ ತಿಳಿಬಣ್ಣ ಆಫ್ರಿಕಾದ ಲಿಂಬಾ ಮರದ್ದು. ತಲೆ ತಿರುಗುತ್ತದೆ, ಕೈಕಾಲು ಆಡುತ್ತವೆ. ಹೀಗಾಗಿ ಒಂದೇ ಮಂಗ ಕಪಾಟಿನ ಅಂಚಿನಲ್ಲಿ ಕೂರಬಲ್ಲದು, ಒಂದೇ ಕೈಯಲ್ಲಿ ಜೋತಾಡಬಲ್ಲದು. 1952ರಲ್ಲಿ ಓಕ್ ಮತ್ತು ಮೇಪಲ್ ಮರದ ಕರಡಿ, 1953ರಲ್ಲಿ ಓಕ್ ಆನೆ, 1955ರಲ್ಲಿ ನೀರಾನೆ, 1957ರಲ್ಲಿ ಮೊಲ ಬಂದವು. ಮಂಗದಷ್ಟು ಜನಪ್ರಿಯತೆ ಇವುಗಳಲ್ಲಿ ಯಾವುದಕ್ಕೂ ದಕ್ಕಲಿಲ್ಲ.

ತೇಗ ಬೆಳೆಯದ ದೇಶದ ವಿನ್ಯಾಸಕ್ಕೆ ತೇಗವೇ ಗುರುತಾದದ್ದು ಹೇಗೆ? ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಈ ಮರವನ್ನು ಡೆನ್ಮಾರ್ಕಿಗೆ ಪರಿಚಯಿಸಿದ್ದು ಹಡಗು ವ್ಯಾಪಾರ. 1897ರಲ್ಲಿ ಹುಟ್ಟಿದ ಡ್ಯಾನಿಶ್ ಈಸ್ಟ್ ಏಷ್ಯಾಟಿಕ್ ಕಂಪನಿಗೆ ಸಯಾಮ್, ಅಂದರೆ ಇಂದಿನ ಥಾಯ್ಲೆಂಡಿನ ತೇಗದ ಕಾಡುಗಳ ಜೊತೆ ಹಳೆಯ ನಂಟಿತ್ತು. ಎರಡನೇ ಮಹಾಯುದ್ಧದ ನಂತರ ತೇಗ ಧಾರಾಳವಾಗಿ ಬರತೊಡಗಿತು. ತೇಗದೊಳಗೆ ಸಿಲಿಕಾ ಇರುವುದರಿಂದ ಸಾಮಾನ್ಯ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ತುದಿಯ ಗರಗಸಗಳು ಬಂದು ಆ ತೊಂದರೆಯೂ ನೀಗಿತು. ಪೀಠೋಪಕರಣದ ಜೊತೆಗೆ ಬಟ್ಟಲು, ಮೆಣಸುಪುಡಿ ಡಬ್ಬಿ, ಹಕ್ಕಿ, ಮೀನು ಎಲ್ಲವೂ ತೇಗದಲ್ಲಿ ಬಂದವು.

ಬೋಯೆಸೆನ್ ನಂತರದ ಪೀಳಿಗೆ ಆಟಿಕೆಗಿಂತ ಮೇಜಿನ ಮೇಲಿನ ಶಿಲ್ಪದ ಕಡೆಗೆ ವಾಲಿತು. ವಾಸ್ತುಶಿಲ್ಪಿ ಹನ್ಸ್ ಬ್ಯೋಲಿಂಗ್ ಅವರ ಬಾತುಕೋಳಿ ಮತ್ತು ಮರಿ 1959ರದು. ಕೋಪನ್‌ಹೇಗನ್ನಿನಲ್ಲಿ ಬಾತುಕೋಳಿಯ ಸಂಸಾರ ರಸ್ತೆ ದಾಟಲೆಂದು ಪೊಲೀಸರೊಬ್ಬರು ವಾಹನಗಳನ್ನು ನಿಲ್ಲಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು, ಅದೇ ಈ ವಿನ್ಯಾಸಕ್ಕೆ ಪ್ರೇರಣೆ. ಅದೇ ವರ್ಷದ ಕ್ರಿಸ್ಟಿಯನ್ ವೇಡೆಲ್ ಅವರ ಹಕ್ಕಿಗಳು ಇನ್ನೂ ಮಿತಭಾಷಿಗಳು: ಒಂದು ದೇಹ, ಒಂದು ಗುಂಡುತಲೆ, ಅಷ್ಟೇ. ತಲೆಯನ್ನು ಒಂಚೂರು ಓರೆ ಮಾಡಿದರೆ ಹಕ್ಕಿಯ ಮನಃಸ್ಥಿತಿಯೇ ಬದಲಾದಂತೆ ಕಾಣುತ್ತದೆ. ಈ ಇಡೀ ಪರಂಪರೆಯಲ್ಲಿ ಇಷ್ಟು ಕಡಿಮೆ ಮರದಲ್ಲಿ ಇಷ್ಟು ಹೆಚ್ಚು ಹೇಳಿದ ವಿನ್ಯಾಸ ಇನ್ನೊಂದಿಲ್ಲ. ವೇಡೆಲ್‌ಗೆ 1962ರಲ್ಲಿ ಉತ್ತರ ಯುರೋಪಿನ ವಿನ್ಯಾಸಕಾರರಿಗೆ ಮೀಸಲಾಗಿದ್ದ ಲುನ್ನಿಂಗ್ ಪ್ರಶಸ್ತಿ ಬಂತು. ನಾರ್ವೆಯ ಆರ್ನೆ ಟ್ಯೋಮ್ಸ್‌ಲಾನ್ ತೇಗದಲ್ಲಿ ತಿಮಿಂಗಿಲ, ಹಕ್ಕಿಗಳನ್ನು ಮಾಡಿದರು. ಫಿನ್ಲೆಂಡಿನಲ್ಲಿ ಕಾಯ ಆರಿಕ್ಕ 1954ರಲ್ಲಿ ಆರಂಭಿಸಿದ ಸಂಸ್ಥೆ ಮರದ ಗುಂಡುಗಳಿಂದ ಕಟ್ಟಿದ ಟಗರಿಗೆ ಹೆಸರಾಯಿತು.

ಈ ವಸ್ತುಗಳು ಹೊರದೇಶಗಳ ಕಣ್ಣಿಗೆ ಬಿದ್ದದ್ದು ತಾನಾಗಿಯೇ ಅಲ್ಲ. 1954ರಿಂದ 1957ರವರೆಗೆ 'ಡಿಸೈನ್ ಇನ್ ಸ್ಕ್ಯಾಂಡಿನೇವಿಯಾ' ಪ್ರದರ್ಶನ ಅಮೆರಿಕ ಮತ್ತು ಕೆನಡಾಗಳ ವಸ್ತುಸಂಗ್ರಹಾಲಯಗಳನ್ನು ಸುತ್ತಿತು. ಉತ್ತರದ ದೇಶಗಳ ಮರ, ಗಾಜು, ಬಟ್ಟೆಗಳಿಗೆ ಅಲ್ಲಿ ಕಾಯಂ ಗಿರಾಕಿಗಳು ಹುಟ್ಟಿಕೊಂಡರು. ಜಪಾನಿನಲ್ಲಿ ಇದೇ ಧಾಟಿಯ ಅಗ್ಗದ ಪ್ರಾಣಿಗಳು ತಯಾರಾಗತೊಡಗಿದವು. ಅವುಗಳೂ ಈಗ ಹಳೆಯವೇ ಆಗಿ ಅಸಲಿಯ ಪಕ್ಕದಲ್ಲಿ ಕೂತು ಹೊಸ ಸಂಗ್ರಾಹಕರನ್ನು ಯಾಮಾರಿಸುತ್ತವೆ.

ಮರದ ಆಟಿಕೆಯ ಕಾಲ ಮುಗಿದದ್ದಕ್ಕೆ ಡೆನ್ಮಾರ್ಕಿನಲ್ಲೇ ಒಳ್ಳೆಯ ಉದಾಹರಣೆಯಿದೆ. 1932ರಲ್ಲಿ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಮರದ ಆಟಿಕೆ ಮಾಡಲು ತೊಡಗಿದ್ದರು. ಅದೇ ಮುಂದೆ ಲೆಗೊ ಕಂಪನಿಯಾಯಿತು. ಗಾಲಿಗಳ ಮೇಲೆ ಓಡುವ ಅದರ ಬಾತುಕೋಳಿ ಆಗ ಮನೆಮಾತು. ಯುದ್ಧದ ನಂತರ ಕಂಪನಿ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಕೊಂಡಿತು. 1960ರಲ್ಲಿ ಮರದ ಆಟಿಕೆಗಳ ಗೋದಾಮು ಸುಟ್ಟುಹೋದಾಗ ಮರವನ್ನೇ ಕೈಬಿಟ್ಟಿತು. ಆ ಬಾತುಕೋಳಿಗಳನ್ನೂ ಇಂದು ಹುಡುಕಿ ಕೊಳ್ಳುವವರಿದ್ದಾರೆ. ಬೋಯೆಸೆನ್ ಅಂಗಡಿಯ ಪ್ರಾಣಿಗಳು ಪೂರ್ತಿ ಮರೆಯಾಗಲಿಲ್ಲ, ಆದರೆ ಬಣ್ಣದ ಪ್ಲಾಸ್ಟಿಕ್ಕಿನ ದಶಕಗಳಲ್ಲಿ ಕಂದು ಮರ ಹಳೆಯ ಕಾಲದ್ದಾಗಿ ಕಂಡಿತು.

ಮತ್ತೆ ಬೆಲೆ ಬಂದದ್ದು 1980ರ ದಶಕದ ನಂತರ. ಅಮೆರಿಕದ ಲೇಖಕಿ ಕಾರಾ ಗ್ರೀನ್‌ಬರ್ಗ್ 1984ರಲ್ಲಿ ಪ್ರಕಟಿಸಿದ ಪುಸ್ತಕ 'ಮಿಡ್-ಸೆಂಚುರಿ ಮಾಡರ್ನ್' ಎಂಬ ಹೆಸರನ್ನು ಬಳಕೆಗೆ ತಂದಿತು. ಹೆಸರು ಸಿಕ್ಕಿದ್ದೇ ಮಾರುಕಟ್ಟೆಯೂ ಕುದುರಿತು. 1990ರಲ್ಲಿ ರೋಸೆಂಡಾಲ್ ಕಂಪನಿ ಬೋಯೆಸೆನ್ ಪ್ರಾಣಿಗಳ ತಯಾರಿಕೆಯ ಹಕ್ಕು ಪಡೆಯಿತು. ವೇಡೆಲ್ ಮತ್ತು ಬ್ಯೋಲಿಂಗ್ ಅವರವನ್ನು ಆರ್ಕಿಟೆಕ್ಟ್‌ಮೇಡ್ ಮರುತಯಾರಿಸುತ್ತಿದೆ.

ಹೀಗಾಗಿ ಸಂಗ್ರಾಹಕರ ಮೊದಲ ಪ್ರಶ್ನೆ, ಕೈಯಲ್ಲಿರುವ ಪ್ರಾಣಿ ಯಾವ ಕಾಲದ್ದು? ಹೊಸದೂ ಅಸಲಿಯೇ, ಆದರೆ ಹಳೆಯದಲ್ಲ. ಬೋಯೆಸೆನ್ ಪ್ರಾಣಿಗಳಲ್ಲಿ ಅಂಗಾಲು ಅಥವಾ ಹೊಟ್ಟೆಯ ಅಡಿಯ ಮುದ್ರೆಯನ್ನು ಮೊದಲು ನೋಡುತ್ತಾರೆ, ಹಳೆಯ ಮತ್ತು ಹೊಸ ಮುದ್ರೆಗಳ ಅಕ್ಷರ ಒಂದೇ ಅಲ್ಲ. ಮುದ್ರೆ ಸವೆದಿದ್ದರೆ ಮರವೇ ಸಾಕ್ಷಿ. ವರ್ಷಗಳು ಕಳೆದಂತೆ ತೇಗದ ಬಣ್ಣ ಮಾಗುತ್ತದೆ, ಲಿಂಬಾ ಹಳದಿಗೆ ತಿರುಗುತ್ತದೆ, ಕೈ ತಾಗುವ ಕಡೆ ಮಾತ್ರ ಹೊಳಪು ಬರುತ್ತದೆ. ಮೈಯೆಲ್ಲ ಒಂದೇ ಸಮ ಕಪ್ಪಾಗಿದ್ದರೆ ಬಣ್ಣ ಬಳಿದಿರುವ ಅನುಮಾನ ಬರಬೇಕು. ಉಜ್ಜುಕಾಗದದಿಂದ ಹೊಸದಾಗಿಸಿದ ಮಂಗಕ್ಕಿಂತ ಕಲೆ-ಗೀರುಗಳಿರುವ ಮಂಗವೇ ಬೆಲೆಬಾಳುತ್ತದೆ. ಕೈಕಾಲು ಬಿಗಿಯಾಗಿ ನಿಲ್ಲುತ್ತವೆಯೇ, ಕಿವಿ ಮುರಿದು ಅಂಟಿಸಿದೆಯೇ ಎನ್ನುವುದನ್ನೂ ಪರೀಕ್ಷಿಸುತ್ತಾರೆ. ಬೋಯೆಸೆನ್ ಹೆಸರಿನ ಕೆಲವು ಹಾಡುಹಕ್ಕಿಗಳ ವಿನ್ಯಾಸ 1950ರ ದಶಕದ್ದಾದರೂ ಅವು ಮಾರುಕಟ್ಟೆಗೆ ಬಂದದ್ದು 2010ರ ದಶಕದಲ್ಲಿ. ಅವನ್ನು 'ಹಳೆಯದು' ಎಂದು ಮಾರುವವರನ್ನು ನಂಬುವಂತಿಲ್ಲ.

ಮನೆಯಲ್ಲಿ ಇವುಗಳ ಶತ್ರು ನೇರ ಬಿಸಿಲು ಮತ್ತು ಒಣಹವೆ: ಒಂದು ಬಣ್ಣ ಕೆಡಿಸುತ್ತದೆ, ಇನ್ನೊಂದು ಬಿರುಕು ಬಿಡಿಸುತ್ತದೆ. ಗಡಿಯಲ್ಲಿ ಇನ್ನೊಂದು ತೊಡಕಿದೆ. ಆ ಕಾಲದ ಕೆಲವು ವಸ್ತುಗಳು ಬ್ರೆಜಿಲ್ಲಿನ ರೋಸ್‌ವುಡ್‌ನಿಂದ ಆದವು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ 1992ರಲ್ಲಿ ಆ ಮರವನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿದ್ದರಿಂದ, ಅಂಗೈಯಗಲದ ಹಕ್ಕಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಮಾರುವಾಗಲೂ ಕಾಗದಪತ್ರ ಕೇಳುತ್ತಾರೆ. ತೇಗ ಮತ್ತು ಓಕ್ ಪ್ರಾಣಿಗಳಿಗೆ ಈ ಕಟ್ಟುಪಾಡಿಲ್ಲ.